ಅಳುವವನಿಗೆ ಬೆಲ್ಲ

ನಮ್ಮ ಬೀದಿಯಲ್ಲಿ ಯಾರಾದರೂ ತಮ್ಮ ಮಗಳನ್ನೋ ಮಗನನ್ನೋ ನನ್ನ ಮುಂದೆ ನಿಲ್ಲಿಸಿ, "ಮನಸ್ಸು ಬಹಳ ಮೆತ್ತಗೆ, ಯಾರ ಕಷ್ಟವನ್ನೂ ನೋಡಲಾರದು ಈ ಮಗು, ಇಂಥವರಿಗೆ ಯಾವ ಉದ್ಯೋಗ ಸರಿ ಹೇಳಿ" ಎಂದು ಕೇಳಿದರೆ ನನಗೆ ಮೈ ಉರಿಯುತ್ತದೆ. ಕಷ್ಟವನ್ನು ನೋಡಲಾರದವರಿಗೆ ಕಣ್ಣು ಮುಚ್ಚಿಕೊಳ್ಳುವ ಉದ್ಯೋಗವೇ ಸರಿ ಎನ್ನಬೇಕೆನಿಸುತ್ತದೆ. ಅನ್ನುವುದಿಲ್ಲ. ಆ ಉದ್ಯೋಗವನ್ನು ಜೀವನವಿಡೀ ಮಾಡಿದವನು ನಾನೇ. ಅದನ್ನು ನನಗೆ ಕಲಿಸಿದ್ದು ನಮ್ಮ ಮನೆ. ಆ ಮನೆಯ ಮೇಲೆ ನನಗಿರುವ ಸಿಟ್ಟು ಇಷ್ಟು ವಯಸ್ಸಾದರೂ ತಣ್ಣಗಾಗಿಲ್ಲ. ನನ್ನ ಮೇಲಿನದಂತೂ ಇನ್ನೂ ಕುದಿಯುತ್ತಲೇ ಇದೆ.

ಮುಳಬಾಗಿಲಿನಿಂದ ಆಂಧ್ರದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಹಳ್ಳಿ. ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡದಾದ, ಗಾಳಿ ಬೆಳಕು ಚೆನ್ನಾಗಿದ್ದ ಕೋಣೆ ನಮ್ಮದಲ್ಲ, ರೇಷ್ಮೆ ಹುಳುಗಳದ್ದು. ನಾವು ಮನುಷ್ಯರು ನಡುಮನೆಯಲ್ಲಿ ಒತ್ತಾಗಿ ಮಲಗುತ್ತಿದ್ದೆವು. ಹುಳುವಿನ ಕೋಣೆಯ ನೆಲ ಗೋಡೆಗಳಿಗೆ ಸಗಣಿ ಸಾರಿಸಿ, ಬಿದಿರು ತಟ್ಟೆಗಳನ್ನು ಅಟ್ಟಣಿಗೆಯ ಮೇಲೆ ಸಾಲಾಗಿ ಇಟ್ಟಿರುತ್ತಿದ್ದರು. ಇರುವೆ ಹತ್ತದಂತೆ ಅಟ್ಟಣಿಗೆಯ ಕಾಲುಗಳನ್ನು ನೀರು ತುಂಬಿದ ಕಲ್ಲುಗುಣಿಗಳಲ್ಲಿ ನಿಲ್ಲಿಸುತ್ತಿದ್ದರು. ಹುಳು ಮೇಯುವಷ್ಟು ದಿನ ಮನೆಯಲ್ಲಿ ಒಗ್ಗರಣೆ ಇಲ್ಲ, ಅದರ ಘಾಟು ಹುಳುವಿಗೆ ಆಗದು. ಬೀಡಿ ಇಲ್ಲ, ಜಗಳವಾಡುವುದಿದ್ದರೆ ಕೆಳದನಿಯಲ್ಲಿ ಆಡಬೇಕು, ಹೊರಗಿನವರು ಹೊಸ್ತಿಲು ದಾಟುವಂತಿಲ್ಲ. ಸಪ್ಪೆ ಸಾರು, ಮುದ್ದೆ ಉಂಡು ಎಲ್ಲರ ಮುಖವೂ ಸಪ್ಪಗಾಗಿ, ಅಪ್ಪ ಬೀಡಿಯಿಲ್ಲದೆ ಸಿಡುಕುತ್ತಾ ಜಗಲಿಗೂ ಹಿತ್ತಲಿಗೂ ತಿರುಗುತ್ತಿದ್ದರು. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಅಲ್ಲಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳುವಿಗೆ ಜ್ವರ ಬಂತೆಂದರೆ ನಮ್ಮಜ್ಜಿ ನಮಗೆ ಜೋರಾಗಿ ಸೀನುವುದಕ್ಕೂ ಬಿಡುತ್ತಿರಲಿಲ್ಲ.

ಆ ಕೋಣೆಯನ್ನು ನೋಡಿಕೊಳ್ಳುತ್ತಿದ್ದವಳು ನಾಗತ್ತೆ, ಅಪ್ಪನ ತಂಗಿ. ಶ್ರೀನಿವಾಸಪುರದಲ್ಲಿ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಅತ್ತೆಮನೆಯವರು, ಕಾಲ್ಗುಣ ಸರಿಯಿಲ್ಲ ಎಂದು ಗಾಡಿ ಹತ್ತಿಸಿ ಕಳಿಸಿಬಿಟ್ಟಿದ್ದರು. ನಮ್ಮ ಮನೆಯಲ್ಲಿಯೂ ಹಬ್ಬದ ದಿನ ಅವಳು ಎದುರು ಬರಬಾರದು, ಮದುವೆಯ ಅಕ್ಕಿ ಮುಟ್ಟಬಾರದು. ಆದರೆ ಹುಳುವಿಗೆ ಅವಳೇ ಬೇಕು. ಮೊಟ್ಟೆಯೊಡೆದು ಮರಿ ಬಂದ ದಿನ ಅಮ್ಮ ತನ್ನ ಮುತ್ತೈದೆ ಕೈಯಿಂದ ಅರಿಸಿನ ಕುಂಕುಮ ಹಚ್ಚಿ, ಎಳೆಸೊಪ್ಪನ್ನು ಒಂದು ಚಿಟಿಕೆ ಹಾಕಿ ಪೂಜೆ ಮುಗಿಸಿ ಹೊರಗೆ ಬರುತ್ತಿದ್ದಳು. ಅಮ್ಮ ಹೊರಬಂದ ಮೇಲೆ ನಾಗತ್ತೆ ಒಳಗೆ ಹೋಗುತ್ತಿದ್ದಳು. ಅಲ್ಲಿಂದ ಗೂಡು ಕಟ್ಟುವ ತನಕ ಸೊಪ್ಪು ಹೆಚ್ಚುವವಳು, ಹಿಕ್ಕೆ ತೆಗೆಯುವವಳು, ತಟ್ಟೆ ಬದಲಾಯಿಸುವವಳು ಅವಳೊಬ್ಬಳೇ. ಶುಭಕ್ಕೆ ಬೇಡವಾದ ಕೈ ದುಡಿತಕ್ಕೆ ಬೇಕು. ಈ ಲೆಕ್ಕಾಚಾರ ನಮ್ಮ ಮನೆಯಲ್ಲಿ ಯಾರಿಗೂ ವಿಚಿತ್ರವೆನಿಸಿರಲಿಲ್ಲ, ಪುಸ್ತಕ ಓದುತ್ತಿದ್ದ ನನಗೂ ಸಹ.

ಸುಣ್ಣಕಟ್ಟು ರೋಗ ತಗುಲಿದ ಹುಳು ಬಿಳುಪೇರಿ ಸುಣ್ಣದ ಕಡ್ಡಿಯಂತೆ ಬಿರುಸಾಗುತ್ತದೆ. ಅಂಥದ್ದನ್ನು ಕಂಡ ಕೂಡಲೇ ನಾಗತ್ತೆ ಆರಿಸಿ ಆರಿಸಿ ಮಡಕೆಗೆ ಹಾಕಿ ಒಲೆಗೆ ಸುರಿಯುತ್ತಿದ್ದಳು. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ನಾನು ಪಕ್ಕದಲ್ಲಿ ನಿಂತು ಗೊಳೋ ಎಂದು ಅಳುತ್ತಿದ್ದೆ. ಗೂಡುಗಳನ್ನು ಹಬೆಗೆ ಇಟ್ಟು ಒಳಗಿನ ಹುಳುವನ್ನು ಕೊಲ್ಲುವ ದಿನ ಊಟವನ್ನೇ ಬಿಡುತ್ತಿದ್ದೆ. ಆಗ ಅಜ್ಜಿ ಓಡಿಬಂದು ನನ್ನನ್ನು ಸೆರಗಿನೊಳಗೆ ಎಳೆದುಕೊಂಡು ಬಾಯಿಗೆ ಬೆಲ್ಲದ ಚೂರು ಇಡುತ್ತಿದ್ದಳು. ಅಜ್ಜಿಯ ಮಾತು ಅರ್ಧ ತೆಲುಗು.

"ವೀಡಿದಿ ವೆನ್ನಲಾಂಟಿ ಮನಸು. ಬೆಣ್ಣೆ ಕಣೋ ಇವನು, ಬೆಣ್ಣೆ! ಅವಳು ನೋಡು, ಬಂಡೆ. ಕಣ್ಣಲ್ಲಿ ಒಂದ್ ಹನಿ ನೀರಿಲ್ಲ. ಅದಕ್ಕೇ ದೇವರು ಅವಳಿಗೆ ಹಂಗ್ ಮಾಡ್ದ."

"ಬೆಣ್ಣೆನ ಸೊಪ್ಪು ಕುಯ್ಯಕ್ಕೆ ಕಳ್ಸಮ್ಮ," ನಾಗತ್ತೆ ಒಲೆಯ ಮುಂದಿನಿಂದಲೇ ಹೇಳುತ್ತಿದ್ದಳು. "ಬಿಸಿಲಿಗೆ ಕರಗ್ತದೋ ಏನೋ ನೋಡಾಣ."

"ಮಗು ಅಳ್ತಾ ಅದೆ, ನಿಂಗೆ ಸೊಪ್ಪಿನ ಚಿಂತೆ!"

ಹೀಗೆ ನನ್ನನ್ನು ಸೊಪ್ಪು ಕುಯ್ಯುವುದಕ್ಕೂ ಕಳಿಸುತ್ತಿರಲಿಲ್ಲ. ಅತ್ತರೆ ಬೆಲ್ಲ ಸಿಗುತ್ತದೆ, ಕೆಲಸ ತಪ್ಪುತ್ತದೆ, ಒಳ್ಳೆಯವನೆಂಬ ಹೆಸರೂ ಬರುತ್ತದೆ. ಈ ಮೂರನ್ನೂ ನಾನು ಅಕ್ಷರ ಕಲಿಯುವ ಮೊದಲೇ ಕಲಿತಿದ್ದೆ. ನನ್ನ ಕಣ್ಣೀರು ಸುಳ್ಳಾಗಿರಲಿಲ್ಲ, ನಿಜವಾಗಿಯೂ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಆದರೆ ಆ ಸಂಕಟದಿಂದ ಒಂದು ಹುಳುವಿಗೂ ಒಂದು ಎಲೆಯೂ ಸಿಗಲಿಲ್ಲ. ಊರಿನಲ್ಲಿ ಯಾರಿಗೆ ಬಾಣಂತಿ ಸನ್ನಿಯಾದರೂ, ಯಾರ ಮಗುವಿಗೆ ಭೇದಿಯಾದರೂ ನಾಗತ್ತೆಯನ್ನು ಕರೆಯುತ್ತಿದ್ದರು. ಅವಳು ಹೋಗಿ ಬಟ್ಟೆ ಒಗೆದು, ಗಂಜಿ ಕುಡಿಸಿ, ಬೈದು ಬರುತ್ತಿದ್ದಳು. ಅದನ್ನು ಯಾರೂ ಕನಿಕರ ಎನ್ನಲಿಲ್ಲ. ಅವಳಿಗೇನು ಗಂಡನೇ ಮಕ್ಕಳೇ, ಬೇರೇನು ಕೆಲಸ ಎನ್ನುತ್ತಿದ್ದರು. ಅಪ್ಪ ಮಾತ್ರ ಜಗಲಿಯಲ್ಲಿ ಬಂದವರೆದುರು ನನ್ನ ತಲೆ ಸವರಿ, "ಇವನ್ನ ಆಸ್ಪತ್ರೆ ಕೆಲಸಕ್ಕೇ ಸೇರಿಸ್ತೀನಿ. ಕನಿಕರ ಇರೋನು. ಕಾಂಪೌಂಡ್ರಾದ್ರೂ ಆಗ್ತಾನೆ" ಎನ್ನುತ್ತಿದ್ದರು.

ಹೈಸ್ಕೂಲಿಗೆಂದು ಕೋಲಾರಕ್ಕೆ ಸೇರಿದ ಮೊದಲ ವರ್ಷವೇ ನನಗೆ ವಿಷಮಶೀತ ಜ್ವರ ಬಂತು. ಆಸ್ಪತ್ರೆಯಲ್ಲಿ ಮಲಗಿಸಿದರು. ಅಮ್ಮ, ನಾಗತ್ತೆ ಇಬ್ಬರೂ ಬಂದರು. ಆಗ ಆ ಜ್ವರಕ್ಕೆ ಇದ್ದ ಮದ್ದೆಂದರೆ ಆರೈಕೆ ಒಂದೇ. ಗಂಜಿತಿಳಿ, ಬಾರ್ಲಿ ನೀರು ಬಿಟ್ಟರೆ ಬೇರೇನನ್ನೂ ಕೊಡಬಾರದು, ಗಟ್ಟಿ ಪದಾರ್ಥ ಹೊಟ್ಟೆಗೆ ಬಿದ್ದರೆ ಕರುಳು ತೂತಾಗಿ ರೋಗಿ ಸಾಯುತ್ತಾನೆ ಎಂದು ಅಲ್ಲಿನ ಡಾಕ್ಟರಮ್ಮ ಖಡಾಖಂಡಿತ ಹೇಳಿದ್ದರು. ಜ್ವರ ಇಳಿಯುತ್ತಾ ಬಂದ ಹಾಗೆ ನನಗೆ ಹುಚ್ಚು ಹಸಿವು. ಮುದ್ದೆ ಕೊಡಿ, ಒಂದು ತುತ್ತು ಕೊಡಿ ಎಂದು ಗೋಗರೆದೆ. ಅಮ್ಮನ ಕರುಳು ತಡೆಯಲಿಲ್ಲ. ನಾಗತ್ತೆ ನೀರು ತರಲು ಹೋದಾಗ ಅಮ್ಮ ಮಡಿಲಿನಿಂದ ದೋಸೆ ತೆಗೆದು ನನ್ನ ಬಾಯಿಗೆ ಇಟ್ಟಳು. ನಾಗತ್ತೆ ಎಲ್ಲಿಂದ ನೋಡಿದಳೋ, ಬಂದವಳೇ ನನ್ನ ದವಡೆ ಹಿಡಿದು ಬೆರಳು ಹಾಕಿ ತುಂಡನ್ನು ಕಿತ್ತು ತೆಗೆದಳು.

"ಕೊಲ್ತೀಯಾ ಅತ್ತಿಗೆ ಇವನ್ನ? ಕೊಲ್ಲಬೇಕು ಅಂತಾನೇ ಬಂದಿದ್ದೀಯಾ?"

"ಹಸ್ಕೊಂಡು ಅಳ್ತಾನಲ್ಲೇ! ನಿಂಗೆ ಹೆತ್ತ ಸಂಕಟ ಗೊತ್ತಾ?"

"ಅಳ್ಲಿ. ಅಳೋನು ಬದುಕಿರ್ತಾನೆ."

ಅಮ್ಮನನ್ನು ಮಾರನೆಯ ದಿನವೇ ಊರಿಗೆ ಕಳಿಸಿದರು. ನಾಗತ್ತೆ ಉಳಿದಳು. ನನ್ನ ಮೈ ಒರೆಸಿ, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಾಯಿಸಿ, ಬಟ್ಟಲು ಎತ್ತಿ ತೊಳೆದು ತಂದಳು. ನಾನು ಅವಳನ್ನು ರಾಕ್ಷಸಿ ಎಂದು ಬೈದೆ. ನನ್ನದು ಮುಗಿದ ಮೇಲೆ, ದಿಕ್ಕಿಲ್ಲದೆ ಮಲಗಿದ್ದ ಪಕ್ಕದ ಮಂಚದವನಿಗೂ, ಅದರಾಚೆಯವನಿಗೂ ಅವಳೇ ನೀರು ಕುಡಿಸತೊಡಗಿದಳು. ಡಾಕ್ಟರಮ್ಮ ಅದನ್ನೆಲ್ಲ ನೋಡುತ್ತಿದ್ದರು. ನಾನು ಎದ್ದು ಕುಳಿತು ಮನೆಗೆ ಬಂದೆ. ನಾನು ಬದುಕಿದ್ದು ಯಾರಿಂದ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಒತ್ತಿ ಬರೆಯುತ್ತಿದ್ದೇನೆ, ಏಕೆಂದರೆ ಗೊತ್ತಿರಲಿಲ್ಲ ಎಂಬ ನೆಪ ನನಗೆ ಇಲ್ಲ.

ಮುಳಬಾಗಿಲಿಗೆ ದೇವಿ ಹಾಕಿಸುವ, ಅಂದರೆ ಸಿಡುಬಿನ ಲಸಿಕೆ ಚುಚ್ಚಿಸುವ ಕೆಲಸಕ್ಕೆ ಬಂದಿದ್ದ ಡಾಕ್ಟರಮ್ಮ ಒಂದು ಮಧ್ಯಾಹ್ನ ಜಟಕಾ ಮಾಡಿಕೊಂಡು ನಮ್ಮ ಮನೆಯ ಮುಂದೆಯೇ ಇಳಿದರು. ಹುಳು ನಾಲ್ಕನೇ ಜ್ವರಕ್ಕೆ ಕೂತಿತ್ತು. ಅಜ್ಜಿ ಬಾಗಿಲಿಗೆ ಅಡ್ಡ ನಿಂತು ಸಗಣಿನೀರು ಚಿಮುಕಿಸಿದಳು. ಡಾಕ್ಟರಮ್ಮ ನಕ್ಕು ಜಗಲಿಯ ಮೇಲೆ ಕೂತರು. ನೇರವಾಗಿ ಅಪ್ಪನಿಗೆ ಹೇಳಿದರು, ಆಸ್ಪತ್ರೆಯಲ್ಲಿ ದಾದಿಯರ ತರಬೇತಿಗೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಿದ್ದಾರೆ, ಅಲ್ಲೇ ಊಟ, ಅಲ್ಲೇ ವಾಸ, ಕಲಿತ ಮೇಲೆ ಸಂಬಳ, ನಿಮ್ಮ ತಂಗಿಯನ್ನು ಕಳಿಸಿ. ಓದು ಬರಹ ತಾವೇ ಕಲಿಸುವುದಾಗಿ ಒಪ್ಪಿಕೊಂಡರು. ಅಪ್ಪ ಬೀಡಿಗಾಗಿ ಜೇಬು ತಡಕಿ ಕೈ ಹಿಂದಕ್ಕೆ ತೆಗೆದರು.

"ನಮ್ಮನೆ ಹೆಣ್ಣು ಕಂಡೋರ ಮಲ ಬಳಿಯಕ್ಕೆ ಹೋಗ್ತಾಳೇನಮ್ಮಾ?"

"ಈ ಊರಲ್ಲಿ ಆಕೆ ಬಳಿದಿದ್ದು ಯಾರದಪ್ಪಾ?"

"ಅದು ಧರ್ಮಕ್ಕೆ ಮಾಡೋದು. ಕನಿಕರ ಇರೋರು ಸಂಬಳಕ್ಕೆ ಕೈ ಒಡ್ಡಲ್ಲ."

"ಸಂಬಳ ಕೊಡದೆ ದುಡಿಸ್ಕೊಳ್ಳೋರು ಆಡೋ ಮಾತಲ್ಲ ಅದು."

ಅಪ್ಪನ ಮುಖ ಕೆಂಪಾಯಿತು. ಜಗಲಿಯ ಸುತ್ತ ಆಗಲೇ ಜನ ಸೇರಿದ್ದರು. ಒಳಗೆ ಹುಳುವಿನ ಕೋಣೆಯಲ್ಲಿದ್ದ ನಾಗತ್ತೆಗೂ ಪ್ರತಿ ಮಾತು ಕೇಳಿಸುತ್ತಿತ್ತು. ರಜಕ್ಕೆ ಬಂದಿದ್ದ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಂಬಕ್ಕೆ ಒರಗಿ ನಿಂತಿದ್ದೆ. ಡಾಕ್ಟರಮ್ಮ ನನ್ನತ್ತ ತಿರುಗಿದರು.

"ನೀನೇ ಹೇಳಪ್ಪ. ನಿನ್ನನ್ನ ನೋಡ್ಕೊಂಡಿದ್ದು ಹೇಗೆ ಅಂತ ಇವರಿಗೆಲ್ಲ ಹೇಳು."

"ಹೇಳ್ಲಾ," ಅಪ್ಪನೂ ಅಂದರು. "ನೀನು ಓದ್ದೋನು. ನೀನ್ ಹೆಂಗಂತೀಯೋ ಹಂಗೆ."

ಸಿಟ್ಟಿನ ಭರದಲ್ಲಿ ಅಂದ ಮಾತಾದರೂ ಅಪ್ಪ ಅಂದ ಮೇಲೆ ಅದು ಮಾತು. ಅಷ್ಟು ಜನರೆದುರು ನಾನು ಹೂಂ ಎಂದಿದ್ದರೆ ಅವರು ಹಿಂದೆ ಸರಿಯುತ್ತಿರಲಿಲ್ಲ. ನನ್ನ ತಲೆಯಲ್ಲಿ ಆಗ ಓಡಿದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ. ಕೋಲಾರದಲ್ಲಿ ನಮ್ಮ ತರಗತಿಯ ಹುಡುಗರು ದಾದಿಯರನ್ನು ಕಂಡರೆ ಶಿಳ್ಳೆ ಹಾಕುತ್ತಿದ್ದರು. ನಿಮ್ಮತ್ತೆ ಕಣೋ ಎಂದು ನನ್ನನ್ನು ಹಂಗಿಸುವುದು ಕಿವಿಗೆ ಕೇಳಿಸಿತು. ಅವಳು ಹೋದರೆ ರಜದಲ್ಲಿ ಹಿಕ್ಕೆ ತೆಗೆಯಲು ನನ್ನನ್ನೇ ಕರೆಯುತ್ತಾರೆ ಎನ್ನುವುದೂ ಹೊಳೆಯಿತು. ಎಲ್ಲಕ್ಕಿಂತ ಕೆಳಗೆ ಇನ್ನೊಂದಿತ್ತು. ಈ ಮನೆಯಲ್ಲಿ ಕನಿಕರದವನು ನಾನು, ಆಸ್ಪತ್ರೆಯ ಕೆಲಸ ನನಗೆ ಮೀಸಲು, ಅದಕ್ಕೆಂದು ಇವಳನ್ನು ಹುಡುಕಿಕೊಂಡು ಬರುವುದೆಂದರೇನು?

"ಅತ್ತೆಗೆ ಕನಿಕರ ಇಲ್ಲ," ಎಂದೆ. "ನಾನು ಹಸಿವು ಅಂತ ಸಾಯ್ತಿದ್ರೂ ಒಂದು ತುತ್ತು ಕೊಡ್ಲಿಲ್ಲ. ಬಾಯಿಂದ ಕಿತ್ಕೊಂಡ್ರು. ಒಂದು ದಿನಾನೂ ನನಗೋಸ್ಕರ ಅಳ್ಲಿಲ್ಲ."

ಜನ ಲೊಚಗುಟ್ಟಿದರು. ಅಜ್ಜಿ ಬಾಗಿಲಲ್ಲೇ ಅಳಲು ಶುರುಮಾಡಿ, "ಇವನ್ನ ತಗೊಂಡು ಹೋಗಮ್ಮ, ಬೆಣ್ಣೆಯಂಥ ಹುಡುಗ" ಎಂದಳು. ಡಾಕ್ಟರಮ್ಮ ಎದ್ದು ಸೀರೆ ಕೊಡವಿಕೊಂಡು, "ಹೈಸ್ಕೂಲು ಮುಗಿಸಿ ಬಾ. ಆ ನಿನ್ನ ಕನಿಕರ ಎಷ್ಟಿದೆ ನೋಡ್ತೀನಿ" ಎಂದು ಜಟಕಾ ಹತ್ತಿದರು. ಅದು ಗದರಿಕೆ ಎಂದು ನನಗೆ ಅರ್ಥವಾಗಲಿಲ್ಲ. ಹೊಗಳಿಕೆ ಎಂದುಕೊಂಡೆ.

ಆ ಬೆಳೆ ಮುಗಿದು ಗೂಡು ಮಾರಿದ ಮೇಲೆ ಶ್ರೀನಿವಾಸಪುರದಿಂದ ನಾಗತ್ತೆಯ ಮೈದುನ ಬಂದ. ಅವಳ ಮಾವನಿಗೆ ಲಕ್ವ ಹೊಡೆದಿತ್ತು. ಕಾಲ್ಗುಣ ಸರಿಯಿಲ್ಲವೆಂದು ಅಟ್ಟಿದ ಮನೆಗೆ ಈಗ ಅವಳ ಕೈಗುಣ ಬೇಕಾಯಿತು. ಅಪ್ಪ ಒಂದು ಮಾತನ್ನೂ ಆಡದೆ ಕಳಿಸಿದರು. ಹೆಣ್ಣು ಗಂಡನ ಮನೆ ಸೇರಿದಳು ಎಂದು ಅಜ್ಜಿ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ನಾನು ಹೈಸ್ಕೂಲು ಮುಗಿಸಿ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಮಾತಿಗೆ ತಪ್ಪದೆ ಗಾಯ ಕಟ್ಟುವ ಕೆಲಸ ಕಲಿಯಲು ಸೇರಿಸಿಕೊಂಡರು. ಸ್ವಲ್ಪ ದಿನಕ್ಕೆಲ್ಲ ಮಾಲೂರಿನ ಕಡೆಯ ಇಟ್ಟಿಗೆ ಗೂಡಿನಲ್ಲಿ ಬೆನ್ನು, ತೋಳು ಸುಟ್ಟುಕೊಂಡಿದ್ದ ಒಬ್ಬ ಕೂಲಿ ಹೆಂಗಸನ್ನು ತಂದರು. ಅಂಟಿಕೊಂಡ ಬಟ್ಟೆಯನ್ನು ನೆನೆಸಿ ಬಿಡಿಸುವಾಗ ಅವಳ ಕೈಯನ್ನು ನಾನು ಅಲುಗದಂತೆ ಹಿಡಿದಿರಬೇಕಿತ್ತು. ಅವಳು ಹಲ್ಲು ಕಚ್ಚಿದ್ದಳು. ಅತ್ತವನು ನಾನು. ಹಿಡಿದ ಕೈ ಬಿಟ್ಟು ಮುಖ ಮುಚ್ಚಿಕೊಂಡು ಬಿಕ್ಕಿದೆ. ಆ ಸುಟ್ಟ ಹೆಂಗಸು ತನ್ನ ಇನ್ನೊಂದು ಕೈಯಿಂದ ನನ್ನ ಮೊಣಕೈ ಮುಟ್ಟಿ, "ಏಡವಬಾಕ ನಾಯನಾ" ಎಂದಳು. ಅಳಬೇಡಪ್ಪ ಎಂದು ನನ್ನನ್ನು ಅವಳು ಸಮಾಧಾನ ಮಾಡಿದಳು! ಡಾಕ್ಟರಮ್ಮ ನನ್ನನ್ನು ಹೊರಕ್ಕೆ ಕಳಿಸಿ, ಕೆಲಸ ಮುಗಿಸಿ ಕೈ ತೊಳೆದುಕೊಂಡು ಬಂದರು.

"ಆಕೆ ನೋವು ಸಾಲದು ಅಂತ ನಿನ್ನದನ್ನೂ ಆಕೆ ತಲೆ ಮೇಲೆ ಹೊರಿಸ್ತೀಯಲ್ಲೋ. ನಾಚಿಕೆ ಆಗಲ್ವಾ?"

ನಾನು ಮತ್ತೂ ಅತ್ತೆ.

"ಸಾಕು. ದಾದಿಯರಲ್ಲಿ ಒಂದು ಜಾಗ ಖಾಲಿ ಇದೆ. ಹೊಸಬರನ್ನ ಈ ತಿಂಗಳೇ ತಗೋತಾರೆ, ಆಮೇಲೆ ನನ್ನನ್ನ ಮೈಸೂರಿಗೆ ಹಾಕ್ತಾರೆ, ನನ್ನ ಮಾತು ಇಲ್ಲಿ ನಡೆಯಲ್ಲ. ಹೋಗಿ ನಿಮ್ಮತ್ತೇನ ಕರ್ಕೊಂಡು ಬಾ. ಅಷ್ಟಾದ್ರೂ ಮಾಡು."

ಯುದ್ಧದ ಕಾಲ, ಪೆಟ್ರೋಲು ಇರಲಿಲ್ಲ. ಇದ್ದಿಲು ಉರಿಸುವ ಬಸ್ಸಿನಲ್ಲಿ ಕೆಮ್ಮುತ್ತಾ ಶ್ರೀನಿವಾಸಪುರಕ್ಕೆ ಹೋದೆ. ಮಾವಿನ ತೋಪಿನ ಪಕ್ಕದ ಮನೆ. ನಾಗತ್ತೆ ಹಿಂದಿನ ಪಡಸಾಲೆಯಲ್ಲಿ ಮಾವನನ್ನು ಎದೆಗೆ ಆನಿಸಿಕೊಂಡು ಅಂಬಲಿ ಕುಡಿಸುತ್ತಿದ್ದಳು. ಮುದುಕನಿಗೆ ಒಂದು ಮಗ್ಗುಲು ಬಿದ್ದಿತ್ತು, ನಾಲಗೆ ಬಿದ್ದಿರಲಿಲ್ಲ. ಪ್ರತಿ ಗುಟುಕಿಗೂ ಅವಳನ್ನು ಮುಂಡೆ ಎಂದು ಬೈಯುತ್ತಿದ್ದ. ಅವಳು, "ಬೈಯಿ ಮಾವಯ್ಯ, ಬೈಯೋವಾಗ ಬಾಯಿ ತೆರೀತೀಯ, ಕುಡ್ಸಕ್ಕೆ ಸಲೀಸು" ಎಂದು ಇನ್ನೊಂದು ಗುಟುಕು ಹಾಕುತ್ತಿದ್ದಳು. ಬಹಳ ಸೊರಗಿದ್ದಳು. ನಾನು ವಿಷಯ ಹೇಳಿದೆ. ಅವಳ ಕೈಯಲ್ಲಿದ್ದ ಲೋಟ ನಿಂತಿತು.

"ಡಾಕ್ಟ್ರಮ್ಮ ಇನ್ನೂ ನೆನಪಿಟ್ಕೊಂಡವ್ರಾ?"

"ಹೂಂ ಅತ್ತೆ."

"ಅವತ್ತು ನೀನು ಹೇಳಿದ್ದೂ ನೆನಪಿರ್ಬೇಕು ಅವರಿಗೆ."

ನಾನು ತಲೆ ತಗ್ಗಿಸಿದೆ. ಕಣ್ಣು ತುಂಬಿತು.

"ಅದು ಬೇಡ ಈಗ," ಎಂದಳು. ದನಿ ಚಾಕುವಿನಂತಿತ್ತು. ಲೋಟ ಇಟ್ಟು, ಮುದುಕನನ್ನು ಒರಗಿಸಿ, ಸೆರಗು ಸಿಕ್ಕಿಸಿಕೊಂಡು ನೇರವಾಗಿ ಮೈದುನನ ಬಳಿಗೆ ಹೋದಳು. ನಾನು ಕೋಲಾರಕ್ಕೆ ಹೋಗ್ತೀನಿ ಎಂದಳು. ಕೇಳಲಿಲ್ಲ, ಹೇಳಿದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಮೈದುನ ಕೆಟ್ಟವನಲ್ಲ, ಸೋತವನು. ತಲೆ ಕೆರೆದುಕೊಂಡ.

"ಹೋಗತ್ತಿಗೆ, ನಾನ್ಯಾಕೆ ಅಡ್ಡ ಬರ್ಲಿ. ಅಯ್ಯನ ನೋಡೋರು ಯಾರು? ನನ್ನ ಹೆಂಡ್ತಿ ತುಂಬಿದ ಬಸುರಿ. ನಮ್ಮಕ್ಕ ಅವಳ ಮಗಳ ಬಾಣಂತನ ಮುಗಿಸ್ಕೊಂಡು ಯುಗಾದಿಗೆ ಬರ್ತಾಳೆ, ಆಮೇಲೆ ಅವಳು ನೋಡ್ಕೊತಾಳೆ. ಅಲ್ಲಿಗಂಟ ಯಾರನ್ನಾದ್ರೂ ಬಿಟ್ಟು ಹೋಗು."

ನಾಗತ್ತೆ ತಿರುಗಿ ನನ್ನನ್ನು ನೋಡಿದಳು. ಯುಗಾದಿಗೆ ಹೆಚ್ಚು ದಿನವಿರಲಿಲ್ಲ. ಆಸ್ಪತ್ರೆಯಲ್ಲಿ ನನ್ನಿಂದ ಯಾರಿಗೂ ಉಪಯೋಗವಿರಲಿಲ್ಲ, ನನಗಾಗಿ ಕಾಯುವವರೂ ಇರಲಿಲ್ಲ.

"ನೀನು ಇರ್ತೀಯೇನೋ? ಗಂಡಸ್ರ ಮೈ, ಗಂಡಸ್ರು ನೋಡ್ಕೊಂಡ್ರೆ ತಪ್ಪಿಲ್ಲ. ಕಷ್ಟ ಏನಿಲ್ಲ, ಹೆಂಗೆ ಅಂತ ತೋರಿಸ್ಕೊಡ್ತೀನಿ. ಯುಗಾದಿಗಂಟ ಕಣೋ."

ಅವಳು ನನ್ನನ್ನು ಏನನ್ನಾದರೂ ಕೇಳಿದ್ದು ಅದೊಂದೇ ಸಲ. ನಾನು ಹೂಂ ಎಂದೆ. ನಿಜವಾಗಿಯೂ ಎಂದೆ. ಪಡಸಾಲೆಗೆ ಹೋದೆವು. ಮುದುಕ ಅಷ್ಟರಲ್ಲಿ ಹಾಸಿಗೆ ಹೊಲಸು ಮಾಡಿಕೊಂಡಿದ್ದ. ನಾಗತ್ತೆ ಬಿಸಿನೀರು, ಹಳೇ ಪಂಚೆಯ ತುಂಡು ನನ್ನ ಕೈಗಿತ್ತು, ಸೊಂಟದ ಕೆಳಗೆ ಕೈ ಕೊಟ್ಟು ಹೇಗೆ ಹೊರಳಿಸಬೇಕೆಂದು ತೋರಿಸಿದಳು. ಬೆನ್ನಿನ ಕೆಳಗೆ ಅಂಗೈಯಗಲದ ಹುಣ್ಣು ಆರುತ್ತಾ ಬಂದಿತ್ತು. ಮುದುಕ ನೋವಿಗೆ ಕೂಗಿದ. ನನ್ನ ಕೈಯಲ್ಲಿದ್ದ ಬಟ್ಟೆ ನೀರಿಗೆ ಬಿತ್ತು. ವಾಕರಿಕೆ ಬಂತು, ಅದರ ಹಿಂದೆಯೇ ಅಳುವೂ ಬಂತು. ಪಾಪ ಎಷ್ಟು ನೋವೋ, ಅಯ್ಯೋ ಪಾಪ ಎಂದು ಅಳುತ್ತಾ ನಾನು ಬಾಗಿಲವರೆಗೆ ಹಿಂದಕ್ಕೆ ಸರಿದಿದ್ದೆ.

"ನನ್ ಕೈಲಿ ಆಗಲ್ಲ ಅತ್ತೆ."

ಅವಳು ಒಂದು ಗಳಿಗೆ ಕಾದಳು. ನಾನು ಆ ಬಾಗಿಲಿನಿಂದ ಮೂರು ಹೆಜ್ಜೆ ಒಳಗೆ ಹೋಗಿದ್ದರೆ ಸಾಕಿತ್ತು. ವಾಂತಿ ಮಾಡಿಕೊಂಡಾದರೂ, ಅಳುತ್ತಲಾದರೂ ಆ ಬಟ್ಟೆಯನ್ನು ಎತ್ತಿಕೊಳ್ಳಬಹುದಿತ್ತು. ಎಷ್ಟು ಜನ ಹಾಗೆಯೇ ಶುರುಮಾಡಿ ಕಲಿತದ್ದನ್ನು ಆಮೇಲೆ ನೋಡಿದ್ದೇನೆ. ನಾನು ಬಾಗಿಲಿನ ಚೌಕಟ್ಟನ್ನು ಹಿಡಿದು ನಿಂತೇ ಇದ್ದೆ.

"ಅಳೋದಾದ್ರೆ ಬೀದಿಗೆ ಹೋಗಿ ಅಳು," ಎಂದಳು ನಾಗತ್ತೆ. "ಇಲ್ಲಿ ಕೆಲಸ ಐತೆ."

ಬಗ್ಗಿ, ನೀರಿನಿಂದ ಬಟ್ಟೆ ತೆಗೆದು ಹಿಂಡಿ, ತಾನೇ ಒರೆಸತೊಡಗಿದಳು. ಕೋಲಾರದ ಜಾಗ ಬೇರೆ ಯಾರಿಗೋ ಹೋಯಿತು. ಯುಗಾದಿಗೆ ಬರಬೇಕಾದವಳು ಬಂದಳೋ ಇಲ್ಲವೋ, ಆ ಮುದುಕ ಮಾತ್ರ ವರ್ಷಗಟ್ಟಲೆ ಬದುಕಿದ. ಅಷ್ಟು ಚೆನ್ನಾಗಿ ನೋಡಿಕೊಂಡಿದ್ದಳು ಅವಳು. ಅವನಾದ ಮೇಲೆ ಆ ಮನೆಯಲ್ಲಿ ಇನ್ಯಾರೋ ಹಾಸಿಗೆ ಹಿಡಿದರು. ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾದೆ. ಅರ್ಜಿ ಹಿಡಿದು ಬಂದವರ ಕಥೆ ಕೇಳಿ ಕಣ್ಣು ಒರೆಸಿಕೊಳ್ಳುತ್ತಿದ್ದೆ, ಅರ್ಜಿಯನ್ನು ಮೇಲಿನವರ ಮುಂದೆ ಹಿಡಿದು ವಾದಿಸಲಿಲ್ಲ. ನಿವೃತ್ತಿಯ ದಿನ ಹಾರ ಹಾಕಿ, ಕರುಣೆಯೇ ಮೂರ್ತಿವೆತ್ತಂಥವರು ಎಂದರು. ನಾನು ಕೈ ಮುಗಿದೆ.

ಶ್ರೀನಿವಾಸಪುರದಲ್ಲಿ ಆವತ್ತು ಬಸ್ಸಿನ ಹೊತ್ತಾಗುತ್ತಾ ಬಂದಾಗ ನಾನು ಜಗಲಿಯಲ್ಲಿ ಚೀಲ ಹಿಡಿದು ಕೂತಿದ್ದೆ. ನಾಗತ್ತೆ ಕೈಕಾಲು ತೊಳೆದು ಬಂದು, ಮುತ್ತುಗದ ಎಲೆಯ ಪೊಟ್ಟಣವೊಂದನ್ನು ನನ್ನ ಪಕ್ಕದಲ್ಲಿಟ್ಟಳು. ಮುಖ ನೋಡಲಿಲ್ಲ. ಕಳಿಸಿಕೊಡಲು ಬೀದಿಗೆ ಬರಲೂ ಇಲ್ಲ. ಒಳಗಿನಿಂದ ಮುದುಕ ಕೂಗುತ್ತಿದ್ದ, ಬಂದೆ ಮಾವಯ್ಯ ಎಂದು ಹೋದಳು. ಅರ್ಧ ದಾರಿಯಲ್ಲಿ ಇದ್ದಿಲು ತುಂಬಲು ಬಸ್ಸು ನಿಂತಿತು. ಎಲ್ಲರೂ ಇಳಿದರು, ನಾನೂ ಇಳಿದು ಹೊಂಗೆ ಮರದ ಕೆಳಗೆ ಕೂತು ಪೊಟ್ಟಣ ಬಿಚ್ಚಿದೆ. ಎರಡು ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ರೊಟ್ಟಿ ಇನ್ನೂ ಬಿಸಿಯಾಗಿತ್ತು. ಒಂದು ತುತ್ತೂ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಸ್ವಲ್ಪ ಮರುಕ ಹುಟ್ಟಬಹುದು. ಹಾಗಾಗಲಿಲ್ಲ. ನನಗೆ ಹಸಿವಾಗಿತ್ತು. ಎರಡನ್ನೂ ತಿಂದೆ, ಎಲೆಗೆ ಅಂಟಿದ್ದ ಚಟ್ನಿಯನ್ನೂ ಬೆರಳಿನಿಂದ ಬಳಿದುಕೊಂಡೆ. ತುಂಬಾ ರುಚಿಯಾಗಿತ್ತು.